ಒಂದು ಗುಳಿಗೆಗೂ ಇನ್ನೊಂದಕ್ಕೂ ನಡುವೆ

1889ರ ಚಳಿಗಾಲದಲ್ಲಿ ಹೈದರಾಬಾದಿನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ನಾಯಿ, ಕೋತಿ, ಆಡು, ಬೆಕ್ಕುಗಳನ್ನು ನೂರಾರು ಸಂಖ್ಯೆಯಲ್ಲಿ ತಂದು, ಒಂದೊಂದಕ್ಕೂ ಕ್ಲೋರೋಫಾರ್ಮ್ ಮೂಸಿಸಿ, ಮೊದಲು ನಿಲ್ಲುವುದು ಉಸಿರೋ ಎದೆಬಡಿತವೋ ಎಂದು ವೈದ್ಯರು ಬರೆದಿಟ್ಟುಕೊಳ್ಳುತ್ತಿದ್ದರು. ಖರ್ಚು ನಿಜಾಮ ಮಹಬೂಬ್ ಅಲಿ ಖಾನರದು. ಮುಂದಾಳು ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ. ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಕಡೆಯಿಂದ ಒಬ್ಬ ತಜ್ಞರು ಬಂದು ಕಣ್ಣಾರೆ ನೋಡಲಿ ಎಂದು ನಿಜಾಮರು ಸಾವಿರ ಪೌಂಡ್ ಕೊಟ್ಟರು. ಲಾಡರ್ ಬ್ರಂಟನ್ ಎಂಬ ಹೆಸರಾಂತ ವೈದ್ಯರು ಬಂದರು. ಇಂದಿನ ಬೀದರ ಜಿಲ್ಲೆಯ ಹುಡಗಿ ಗ್ರಾಮ, ಹುಮನಾಬಾದ್, ಕಲ್ಯಾಣ ಎಲ್ಲವೂ ಆಗ ಇದೇ ನಿಜಾಮರ ಸೀಮೆ.

ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ಎಂದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕೆ ಹೆಸರು. ಆಯೋಗದ ತೀರ್ಮಾನ ಖಡಾಖಂಡಿತವಾಗಿತ್ತು: ಕ್ಲೋರೋಫಾರ್ಮ್ ಕೊಲ್ಲುವುದು ಉಸಿರು ನಿಲ್ಲಿಸಿ, ಹೃದಯಕ್ಕೆ ನೇರವಾಗಿ ಅಪಾಯವಿಲ್ಲ, ಆದ್ದರಿಂದ ಉಸಿರಿನ ಮೇಲೆ ಕಣ್ಣಿಟ್ಟರೆ ಸಾಕು, ನಾಡಿ ಹಿಡಿದು ಕೂರುವ ಅಗತ್ಯವಿಲ್ಲ. ಲೆಕ್ಕ ಅಚ್ಚುಕಟ್ಟಾಗಿತ್ತು, ಪ್ರಾಣಿಗಳ ಸಂಖ್ಯೆ ದೊಡ್ಡದಿತ್ತು, ಮಾಡಿದವರು ಪ್ರಾಮಾಣಿಕರು. ಆದರೂ ತೀರ್ಮಾನ ತಪ್ಪಾಗಿತ್ತು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಗಟ್ಟಿಮುಟ್ಟಾದ ಮನುಷ್ಯರು ಇದ್ದಕ್ಕಿದ್ದಂತೆ ಎದೆ ನಿಂತು ಸಾಯುತ್ತಲೇ ಇದ್ದರು. ಅಮಲು ಇನ್ನೂ ಹಗುರವಾಗಿರುವಾಗ ಕ್ಲೋರೋಫಾರ್ಮ್ ಹೃದಯದ ಲಯವನ್ನೇ ಕೆಡಿಸಬಲ್ಲದು ಎಂಬುದನ್ನು ಗುಡ್‌ಮನ್ ಲೆವಿ ಎಂಬ ವೈದ್ಯ 1911ರಲ್ಲಿ ತೋರಿಸಿಕೊಟ್ಟ. ಅಷ್ಟರಲ್ಲಿ 22 ವರ್ಷ ಕಳೆದಿತ್ತು.

ಪ್ರಾಣಿಗೆ ಏನೂ ಆಗಲಿಲ್ಲ, ಮನುಷ್ಯನಿಗೂ ಏನೂ ಆಗುವುದಿಲ್ಲ ಎನ್ನುವ ಭರವಸೆ ಹೀಗೆ ಕೈಕೊಡುವುದನ್ನು ಹೈದರಾಬಾದು ಬಹಳ ಹಿಂದೆಯೇ ಕಂಡಿದೆ. ಹಾಗೆಂದು ಪ್ರಾಣಿಗಳ ಮೇಲಿನ ಪರೀಕ್ಷೆ ದಂಡವೆಂದು ಅರ್ಥವಲ್ಲ. ಎಷ್ಟೋ ವಿಷಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ, ಮನುಷ್ಯರವರೆಗೆ ಬರುವುದೇ ಇಲ್ಲ. ಆದರೆ ಹೊಸ ಔಷಧವನ್ನು ಮೊಟ್ಟಮೊದಲು ತೆಗೆದುಕೊಳ್ಳುವ ಮನುಷ್ಯ ಯಾವಾಗಲೂ ಒಂದು ಕತ್ತಲೆಯ ಕೋಣೆಗೆ ಕಾಲಿಡುತ್ತಾನೆ. ಅವನ ಹಿಂದೆ ಎರಡನೆಯವನನ್ನು ಎಷ್ಟು ಹೊತ್ತಿನ ಮೇಲೆ ಒಳಗೆ ಕಳಿಸಬೇಕು ಎನ್ನುವುದೇ ಆರಂಭದ ಪ್ರಯೋಗಗಳ ಸುರಕ್ಷತೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಇಂಥ ಪ್ರಯೋಗಗಳಲ್ಲಿ ಆದ ದೊಡ್ಡ ಅನಾಹುತಗಳನ್ನು ತೆರೆದು ನೋಡಿದರೆ, ಔಷಧದ ವಿಷದಷ್ಟೇ ಅವಸರವೂ ಅಲ್ಲಿ ಕೆಲಸ ಮಾಡಿರುವುದು ಕಾಣುತ್ತದೆ.

ಅವಸರದ ಮಾತಿಗೆ ಮೊದಲು ಧೈರ್ಯದ ಮಾತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಅಲ್ಲಿನ ಗ್ರಾಂಟ್ ವೈದ್ಯಕೀಯ ಕಾಲೇಜಿನ ಕೋಣೆಯೊಂದರಲ್ಲಿ ಕೂತು ಕೆಲವೇ ತಿಂಗಳಲ್ಲಿ ಲಸಿಕೆ ಸಿದ್ಧಮಾಡಿದರು. ಮೊಲ, ಇಲಿಗಳ ಮೇಲೆ ನೋಡಿದ ಬಳಿಕ 1897ರ ಜನವರಿ 10ರಂದು ಮೊದಲ ಸೂಜಿಯನ್ನು ತಮಗೇ ಚುಚ್ಚಿಸಿಕೊಂಡರು. ಬೇರೆಯವರಿಗೆ ಕೊಡಬೇಕೆಂದಿದ್ದ ಪ್ರಮಾಣಕ್ಕಿಂತ ಬಹಳ ಹೆಚ್ಚು. ಜ್ವರ ಬಂತು, ಚುಚ್ಚಿದ ಜಾಗ ನೋಯಿತು, ಇಳಿಯಿತು. ತಿಂಗಳ ಕೊನೆಗೆ ಬೈಕುಲಾ ಜೈಲಿನಲ್ಲಿ ಒಪ್ಪಿದ ಕೈದಿಗಳಿಗೆ ಕೊಟ್ಟರು. ಲಸಿಕೆ ಹಾಕಿಸಿಕೊಂಡವರಲ್ಲಿ ಪ್ಲೇಗಿಗೆ ಸಿಕ್ಕವರು ಎಷ್ಟೋ ಕಡಿಮೆ. ಮುಂದಿನ ವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಡಾಕ್ಟರ್ ಲ್ಯೂಮನ್ ಊರಿನ ಬಹುಪಾಲು ಜನಕ್ಕೆ ಇದೇ ಸೂಜಿ ಮಾಡಿಸಿದರು. ಲಸಿಕೆಯ ಯಶಸ್ಸಿನ ಮಾತು ಬಂದಾಗ ಹುಬ್ಬಳ್ಳಿಯ ಹೆಸರು ಲಂಡನ್ನಿನವರೆಗೆ ಹೋಯಿತು.

ಜೈಲಿನಲ್ಲಿ ಬೀಗದ ಹಿಂದೆ ಕೂತವನು ‘ಒಪ್ಪಿದೆ’ ಎಂದರೆ ಅದನ್ನು ಎಷ್ಟರ ಮಟ್ಟಿಗೆ ಒಪ್ಪಿಗೆ ಎನ್ನಬಹುದು? ಆ ಕಾಲದಲ್ಲಿ ಈ ಪ್ರಶ್ನೆ ಕೇಳಿದವರು ಕಡಿಮೆ. ಹಾಫ್ಕಿನ್ ತಮ್ಮ ಮೈಯನ್ನೇ ಮೊದಲು ಒಡ್ಡಿದ್ದು ದೊಡ್ಡ ಮಾತು. ಆದರೂ ಒಬ್ಬ ವಿಜ್ಞಾನಿಯ ಮೈ ಹೇಳಬಲ್ಲ ಸಂಗತಿ ಸ್ವಲ್ಪವೇ.

ಐದು ವರ್ಷಗಳ ನಂತರ ಅವರ ಲಸಿಕೆಗೆ ದೊಡ್ಡ ಪೆಟ್ಟು ಬಿತ್ತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನಕ್ಕೆ ಸೂಜಿ ಮಾಡಿದರು. ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಜನರೂ ಧನುರ್ವಾಯು ಬಂದು ಸತ್ತರು. ತಯಾರಿಕೆಯಲ್ಲಿ ಹಾಫ್ಕಿನ್ ಪದ್ಧತಿ ಬದಲಿಸಿದ್ದೇ ಕಾರಣ ಎಂದು ಅವರನ್ನು ಕೆಲಸದಿಂದ ದೂರವಿಟ್ಟರು. ಆದರೆ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದರು ಎಂಬುದು ವಿಚಾರಣೆಯ ಕಾಗದಗಳಲ್ಲೇ ಇತ್ತು. ರೊನಾಲ್ಡ್ ರಾಸ್ ಮೊದಲಾದವರು ಲಂಡನ್ನಿನ ‘ಟೈಮ್ಸ್’ನಲ್ಲಿ ಬರೆದು ಹೋರಾಡಿದ ಮೇಲೆ 1907ರಲ್ಲಿ ಹಾಫ್ಕಿನ್ ಮೇಲಿನ ಕಳಂಕ ಹೋಯಿತು. ಔಷಧ ಒಳ್ಳೆಯದಾಗಿದ್ದರೂ ಅದರ ಜೊತೆ ಒಳಗೆ ಹೋಗುವ ಒಂದು ಚೂರು ಮಣ್ಣು ಸಾಕು. ಇವತ್ತು ಪ್ರಯೋಗದ ಔಷಧದ ಒಂದೊಂದು ಬ್ಯಾಚಿಗೂ ಸಂಖ್ಯೆ ಕೊಟ್ಟು, ಯಾರಿಗೆ ಯಾವ ಸೀಸೆಯಿಂದ ಹೋಯಿತು ಎಂದು ಬರೆದಿಡುತ್ತಾರೆ. ಮುಲ್ಕೋವಾಲಿನಂಥ ಊರುಗಳು ಕಲಿಸಿದ ಪಾಠ ಅದು.

ಹಾಫ್ಕಿನ್ ಪರ ನಿಂತ ಈ ರಾಸ್ ಕೂಡ ಹೈದರಾಬಾದು ಸೀಮೆಗೆ ಹೊಸಬರಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದರ ಗುಟ್ಟನ್ನು ಅವರು 1897ರ ಆಗಸ್ಟ್‌ನಲ್ಲಿ ಹಿಡಿದದ್ದು ಸಿಕಂದರಾಬಾದಿನಲ್ಲಿ. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗಳಿಂದ ಕಚ್ಚಿಸಿಕೊಂಡ; ಕಚ್ಚಿದ ಒಂದು ಸೊಳ್ಳೆಗೆ ಒಂದು ಆಣೆ. ಅದಕ್ಕೂ ಎರಡು ವರ್ಷ ಮೊದಲು ರಾಸ್, ರೋಗಿಯ ರಕ್ತ ಕುಡಿದು ಸತ್ತ ಸೊಳ್ಳೆಗಳಿದ್ದ ನೀರನ್ನು ಲಛ್ಮನ್ ಎಂಬ ಆರೋಗ್ಯವಂತ ಯುವಕನಿಗೆ ಕುಡಿಸಿ ನೋಡಿದ್ದರು. ಕೆಲವು ದಿನದಲ್ಲಿ ಅವನಿಗೆ ಜ್ವರ ಬಂದು ಹೋಯಿತು. ರಾಸ್‌ಗೆ ನೊಬೆಲ್ ಬಂತು. ಆಣೆಯ ಲೆಕ್ಕಕ್ಕೆ ತೋಳು ಕೊಟ್ಟವನ ಹೆಸರು ಚರಿತ್ರೆಯಲ್ಲಿ ಉಳಿದದ್ದೇ ಒಂದು ಪುಣ್ಯ, ಉಳಿಯದವರು ಎಷ್ಟೋ.

ಆಣೆ ಹೋಗಿ ಪೌಂಡು, ಯೂರೋ, ರೂಪಾಯಿ ಬಂದಿದೆ. 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿದ್ದ ಪ್ರಯೋಗ ಕೇಂದ್ರದಲ್ಲಿ ಎಂಟು ಮಂದಿ ಆರೋಗ್ಯವಂತ ಯುವಕರು ಹಾಸಿಗೆಗಳ ಮೇಲೆ ಸಾಲಾಗಿ ಮಲಗಿದ್ದರು. ಒಬ್ಬೊಬ್ಬರಿಗೆ ಸುಮಾರು 2,000 ಪೌಂಡ್ ಸಂಭಾವನೆ. ಔಷಧದ ಹೆಸರು ಟಿಜಿಎನ್ 1412. ರಕ್ತದ ಕ್ಯಾನ್ಸರ್, ಸಂಧಿವಾತಗಳಿಗೆಂದು ಜರ್ಮನಿಯ ಟೆಜೆನೆರೊ ಎಂಬ ಸಣ್ಣ ಕಂಪನಿ ತಯಾರಿಸಿದ್ದು. ದೇಹದ ರಕ್ಷಣಾಪಡೆಯಾದ ಟಿ ಕೋಶಗಳನ್ನು ನೇರವಾಗಿ ಬಡಿದೆಬ್ಬಿಸುವುದು ಅದರ ಗುಣ. ಕೋತಿಗಳಿಗೆ ಕೊಟ್ಟು ನೋಡಿದ್ದರು, ತೊಂದರೆಯಾಗಿರಲಿಲ್ಲ. ಕೋತಿ ತಡೆದುಕೊಂಡ ಪ್ರಮಾಣದ ಐನೂರರಲ್ಲಿ ಒಂದು ಪಾಲನ್ನಷ್ಟೇ ಮನುಷ್ಯರಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಕಾಗದದ ಮೇಲೆ ಇದು ಬಹಳ ಜಾಗರೂಕತೆಯ ಲೆಕ್ಕ.

ಆರು ಮಂದಿಗೆ ಔಷಧ, ಇಬ್ಬರಿಗೆ ಬರೀ ಉಪ್ಪುನೀರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಬಿಟ್ಟದ್ದು ಸುಮಾರು ಹತ್ತು ನಿಮಿಷ. ಮೊದಲನೆಯವನಿಗೆ ತಲೆನೋವು, ಬೆನ್ನುನೋವು, ವಾಂತಿ, ನಡುಕ ಶುರುವಾಗುವ ಹೊತ್ತಿಗೆ ಕೊನೆಯವನ ರಕ್ತದೊಳಗೂ ಔಷಧ ಇಳಿದಾಗಿತ್ತು. ಒಂದೂವರೆ ಗಂಟೆಯೊಳಗೆ ಆರೂ ಜನ ನರಳಿದರು. ರಾತ್ರಿಯ ಹೊತ್ತಿಗೆ ಆರೂ ಜನರ ಅಂಗಾಂಗಗಳು ಸೋಲತೊಡಗಿದವು, ತೀವ್ರ ನಿಗಾ ಘಟಕ ತುಂಬಿತು. ಯಾರೂ ಸಾಯಲಿಲ್ಲ, ಆಸ್ಪತ್ರೆಯ ವೈದ್ಯರ ಹಗಲಿರುಳಿನ ಕೆಲಸ ಅದು. ಒಬ್ಬನ ಕಾಲ್ಬೆರಳುಗಳೂ ಕೈಬೆರಳುಗಳ ತುದಿಗಳೂ ಕಪ್ಪಾಗಿ ಹೋದವು.

ಕೋತಿಗೆ ಆಗದದ್ದು ಮನುಷ್ಯನಿಗೆ ಏಕೆ ಆಯಿತು? ಉತ್ತರ ಸಿಗಲು ವರ್ಷಗಳೇ ಬೇಕಾದವು. ಆ ಔಷಧ ಹಿಡಿದುಕೊಳ್ಳುವ ಕೊಂಡಿ ಮನುಷ್ಯರ ಒಂದು ಬಗೆಯ ಅನುಭವಿ ಟಿ ಕೋಶಗಳ ಮೇಲೆ ಇದೆ. ಪರೀಕ್ಷೆಗೆ ಬಳಸಿದ ಜಾತಿಯ ಕೋತಿಗಳಲ್ಲಿ ಅದೇ ಕೋಶಗಳ ಮೇಲೆ ಇಲ್ಲ. ಕೋತಿಯ ಆ ಕೋಶಗಳಲ್ಲಿ ಬೀಗವೇ ಇರಲಿಲ್ಲ, ಆದ್ದರಿಂದ ಕೀಲಿ ತಿರುಗಿದ್ದು ಗೊತ್ತಾಗಲಿಲ್ಲ. ಮನುಷ್ಯರಲ್ಲಿ ಆ ಕೋಶಗಳೆಲ್ಲ ಒಮ್ಮೆಲೇ ಎದ್ದು ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಸುರಿದವು. ಕೊರೋನಾ ಕಾಲದಲ್ಲಿ ಹುಡಗಿಯ ಕಟ್ಟೆಯ ಮೇಲೂ ಕೇಳಿಬಂದ ‘ಸೈಟೊಕೈನ್ ಬಿರುಗಾಳಿ’ ಇದೇ.

ಈ ವಿಜ್ಞಾನ ಆಗ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ, ನಿಜ. ಆದರೆ ಮೊದಲನೆಯವನಿಗೆ ಕೊಟ್ಟು ಒಂದು ದಿನ ಕಾಯಲು ಯಾವ ವಿಜ್ಞಾನವೂ ಬೇಕಿರಲಿಲ್ಲ. ಕಾದಿದ್ದರೆ ಒಬ್ಬ ನರಳುತ್ತಿದ್ದ, ಐವರು ಉಳಿಯುತ್ತಿದ್ದರು. ಹೊಸ ತಳಿಯ ತೊಗರಿ ಬೀಜ ಬಂದರೆ ಬೀದರ ಸೀಮೆಯ ಯಾವ ರೈತನೂ ಮೊದಲ ವರ್ಷವೇ ಇಡೀ ಹೊಲಕ್ಕೆ ಬಿತ್ತುವುದಿಲ್ಲ, ಒಂದು ಮೂಲೆಗೆ ಬಿತ್ತಿ ನೋಡುತ್ತಾನೆ. ಬ್ರಿಟಿಷ್ ಸರ್ಕಾರ ಗಾರ್ಡನ್ ಡಫ್ ಅವರ ಮುಂದಾಳುತನದಲ್ಲಿ ನೇಮಿಸಿದ ತಜ್ಞರ ಸಮಿತಿ ಅದೇ ವರ್ಷ 22 ಶಿಫಾರಸುಗಳನ್ನು ಕೊಟ್ಟಿತು. ಒಬ್ಬರಿಗೆ ಕೊಟ್ಟು, ಏನಾಯಿತೆಂದು ನೋಡಲು ಸಾಕಷ್ಟು ಹೊತ್ತು ಬಿಟ್ಟು, ಆಮೇಲೆ ಮುಂದಿನವರಿಗೆ ಕೊಡಬೇಕು ಎನ್ನುವುದು ಅದರ ತಿರುಳುಗಳಲ್ಲಿ ಒಂದು. ಮೊದಲ ಪ್ರಮಾಣವನ್ನು ಲೆಕ್ಕಹಾಕುವ ರೀತಿಯೂ ಬದಲಾಯಿತು. ಪ್ರಾಣಿ ಎಷ್ಟನ್ನು ತಡೆದುಕೊಂಡಿತು ಎಂಬುದನ್ನು ಮಾತ್ರ ಹಿಡಿದು ಕೆಳಗಿಳಿಯುವ ಬದಲು, ಮನುಷ್ಯನ ಕೋಶದಲ್ಲಿ ಅತಿ ಸಣ್ಣ ಪರಿಣಾಮ ಕಾಣಿಸುವ ಪ್ರಮಾಣ ಎಷ್ಟು ಎಂಬುದರಿಂದ ಮೇಲಕ್ಕೆ ಹತ್ತಬೇಕೆಂದರು. ಯುರೋಪಿನ ಔಷಧ ಸಂಸ್ಥೆ 2007ರಲ್ಲಿ ಇದನ್ನು ಮಾರ್ಗಸೂಚಿಯಾಗಿ ಹೊರಡಿಸಿತು.

ಇಷ್ಟೆಲ್ಲ ಬರೆದಿಟ್ಟ ಒಂಬತ್ತು ವರ್ಷಕ್ಕೆ ಅದೇ ಯುರೋಪಿನಲ್ಲಿ ಮತ್ತೆ ಕಾಯಲಿಲ್ಲ. 2016ರ ಜನವರಿ, ಫ್ರಾನ್ಸಿನ ರೆನ್ ಪಟ್ಟಣ. ಪೋರ್ಚುಗಲ್ಲಿನ ಬಿಯಲ್ ಕಂಪನಿಯ ಬಿಐಎ 10-2474 ಎಂಬ ಗುಳಿಗೆಯನ್ನು ಬಯೋಟ್ರಯಲ್ ಎಂಬ ಸಂಸ್ಥೆ ಸ್ವಯಂಸೇವಕರಿಗೆ ಕೊಡುತ್ತಿತ್ತು. ಇಲಿ, ನಾಯಿ, ಕೋತಿಗಳ ಪರೀಕ್ಷೆ ಮುಗಿದಿತ್ತು. ಮೊದಮೊದಲು ಕಡಿಮೆ ಪ್ರಮಾಣ ತೆಗೆದುಕೊಂಡ ಹತ್ತಾರು ಜನಕ್ಕೆ ದೊಡ್ಡ ತೊಂದರೆ ಆಗಿರಲಿಲ್ಲ. ಕೊನೆಯ ಗುಂಪಿನ ಆರು ಮಂದಿಗೆ ದಿನಕ್ಕೆ 50 ಮಿಲಿಗ್ರಾಂ. ಗುಳಿಗೆ ಮಾಡಬೇಕಿದ್ದ ಕೆಲಸಕ್ಕೆ ಅದರ ಎಷ್ಟೋ ಪಾಲು ಕಡಿಮೆ ಪ್ರಮಾಣವೇ ಸಾಕಿತ್ತು ಎಂದು ಫ್ರಾನ್ಸಿನ ತಜ್ಞರು ಆಮೇಲೆ ಹೇಳಿದರು.

ಐದನೆಯ ದಿನ, ಜನವರಿ 10ರ ಸಂಜೆ, ಆರರಲ್ಲಿ ಒಬ್ಬನಿಗೆ ಹುಷಾರು ತಪ್ಪಿತು. ಅವನನ್ನು ಆಸ್ಪತ್ರೆಗೆ ಸೇರಿಸಿದರು. ಮರುದಿನ ಬೆಳಿಗ್ಗೆ ಉಳಿದ ಐವರಿಗೂ ಎಂದಿನಂತೆ ಗುಳಿಗೆ ಕೊಟ್ಟರು. ನಿಮ್ಮ ಜೊತೆಗಾರ ಆಸ್ಪತ್ರೆಯಲ್ಲಿದ್ದಾನೆ, ಅವನಿಗೆ ಏನಾಗಿದೆಯೋ ಇನ್ನೂ ತಿಳಿದಿಲ್ಲ, ನೀವು ಮುಂದುವರಿಯಲು ಒಪ್ಪುತ್ತೀರಾ ಎಂದು ಅವರನ್ನು ಮತ್ತೆ ಕೇಳಿ ಒಪ್ಪಿಗೆ ಪಡೆಯಲಿಲ್ಲ. ಅವರಲ್ಲೂ ನಾಲ್ವರಿಗೆ ಮಿದುಳಿನ ತೊಂದರೆ ಕಾಣಿಸಿತು. ಮೊದಲು ಆಸ್ಪತ್ರೆ ಸೇರಿದವನು ಜನವರಿ 17ರಂದು ತೀರಿಕೊಂಡ. ಆ ಗುಳಿಗೆ ತನ್ನ ಗುರಿಯನ್ನು ಬಿಟ್ಟು ನರಕೋಶಗಳ ಇನ್ನೂ ಹಲವು ಕಿಣ್ವಗಳನ್ನು ತಡೆಯುತ್ತಿತ್ತು ಎಂಬುದನ್ನು ಮರುವರ್ಷ ನೆದರ್‌ಲೆಂಡಿನ ಲೈಡನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿದರು.

ಲಂಡನ್ನಿನಲ್ಲಿ ಹತ್ತು ನಿಮಿಷ, ರೆನ್‌ನಲ್ಲಿ ಒಂದು ರಾತ್ರಿ. ಆ ಒಂದು ರಾತ್ರಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಹತ್ತು ನಿಮಿಷದ ಲೆಕ್ಕ ಹಾಕಿದವರು ಅಪಾಯವನ್ನು ಊಹಿಸಿರಲಿಲ್ಲ. ಇಲ್ಲಿ ಅಪಾಯ ಕಣ್ಣೆದುರೇ ಆಸ್ಪತ್ರೆ ಸೇರಿತ್ತು. ಬೆಳಗಿನ ಗುಳಿಗೆಗೆ ಮುಂಚೆ ಆಸ್ಪತ್ರೆಗೆ ಒಂದು ಫೋನು ಮಾಡಿ, ಅವನ ಸ್ಥಿತಿ ತಿಳಿಯುವವರೆಗೆ ತಡೆದಿದ್ದರೆ ಸಾಕಿತ್ತು. ಫ್ರೆಂಚ್ ಸರ್ಕಾರದ ತನಿಖಾಧಿಕಾರಿಗಳು ಬೊಟ್ಟು ಮಾಡಿದ್ದೂ ಇದನ್ನೇ. ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಲು ತಡಮಾಡಿದ್ದನ್ನೂ ಅವರು ಎತ್ತಿ ಹೇಳಿದರು.

ಕೆಲವೊಮ್ಮೆ ಒಂದು ದಿನ, ಒಂದು ವಾರ ಕಾದರೂ ಸಾಲದು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕಾಮಾಲೆ ಬಿ ರೋಗಕ್ಕೆ ಫಿಯಾಲುರಿಡಿನ್ ಎಂಬ ಔಷಧವನ್ನು 15 ರೋಗಿಗಳಿಗೆ ಕೊಟ್ಟರು. ಮೊದಲು ಕೆಲವೇ ವಾರಗಳ ಸಣ್ಣ ಪ್ರಯೋಗಗಳಲ್ಲಿ ವೈರಸ್ ತಗ್ಗಿತ್ತು, ಎಲ್ಲರಿಗೂ ಹುರುಪು ಬಂದಿತ್ತು. ಈ ಸಲ ಎರಡು-ಮೂರು ತಿಂಗಳು ಕಳೆದ ಮೇಲೆ ಇದ್ದಕ್ಕಿದ್ದಂತೆ ಏಳು ಜನರ ಯಕೃತ್ತು ಸೋತಿತು. ಐವರು ಸತ್ತರು, ಇಬ್ಬರು ಯಕೃತ್ತಿನ ಕಸಿಯಿಂದ ಬದುಕಿದರು. ಔಷಧ ನಿಲ್ಲಿಸಿದ ಮೇಲೂ ಅದರ ಹಾನಿ ನಿಂತಿರಲಿಲ್ಲ. ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳನ್ನೇ ಅದು ನಿಧಾನವಾಗಿ ಕೆಡಿಸಿತ್ತು.

ಇವೆಲ್ಲ ದೂರದ ಊರುಗಳ ಕಥೆ, ಹುಡಗಿಯಂಥ ಊರಿಗೆ ಇದರಿಂದ ಏನಾಗಬೇಕು ಎಂದು ಯಾರಿಗಾದರೂ ಅನ್ನಿಸಬಹುದು. ಹುಮನಾಬಾದ್‌ನಿಂದ ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಹೈದರಾಬಾದು. ಭಾರತದ ಔಷಧ ಉದ್ಯಮದ ದೊಡ್ಡ ಪಾಲು ಅಲ್ಲಿದೆ. ಔಷಧಗಳನ್ನು ಆರೋಗ್ಯವಂತರಿಗೆ ಕೊಟ್ಟು ರಕ್ತ ತೆಗೆದು ನೋಡುವ ಕೇಂದ್ರಗಳೂ ಅಲ್ಲಿವೆ, ಬೆಂಗಳೂರಿನಲ್ಲೂ ಇವೆ. ಇಂಥ ಕೇಂದ್ರಗಳಲ್ಲಿ ಬಹಳಷ್ಟು ಕಡೆ ನಡೆಯುವುದು ಹೊಚ್ಚಹೊಸ ಔಷಧದ ಪರೀಕ್ಷೆಯಲ್ಲ. ಈಗಾಗಲೇ ಬಳಕೆಯಲ್ಲಿರುವ ಔಷಧವನ್ನು ಇನ್ನೊಂದು ಕಂಪನಿ ತಯಾರಿಸಿದಾಗ ಅದು ರಕ್ತದಲ್ಲಿ ಅಷ್ಟೇ ಪ್ರಮಾಣಕ್ಕೆ ಏರುತ್ತದೆಯೇ ಎಂದು ನೋಡುವ ಪರೀಕ್ಷೆ. ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಎರಡು ದಿನ, ಮೂರು ದಿನ ಉಳಿದರೆ ಕೈಗೆ ಸಾವಿರಾರು ರೂಪಾಯಿ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಸೀಮೆಯ ಹುಡುಗರಿಗೆ ಈ ರೊಕ್ಕ ಸಣ್ಣದಲ್ಲ.

2011ರಲ್ಲಿ ಆಂಧ್ರದ ಗುಂಟೂರು ಜಿಲ್ಲೆಯ ಪಿಡುಗುರಾಳ್ಳದ ಬಡ ಹೆಂಗಸರನ್ನು ಹೈದರಾಬಾದಿನ ಕೇಂದ್ರವೊಂದಕ್ಕೆ ಕರೆದೊಯ್ದು ಔಷಧ ಪರೀಕ್ಷೆಗೆ ಬಳಸಿದ ಸುದ್ದಿ ದೊಡ್ಡ ಗದ್ದಲವೆಬ್ಬಿಸಿತು. ಔಷಧ ನಿಯಂತ್ರಣಾಧಿಕಾರಿಗಳು ಆ ಕೇಂದ್ರದ ಪರವಾನಗಿಯನ್ನು ತಡೆಹಿಡಿದರು. 2017ರಲ್ಲಿ ತೆಲಂಗಾಣದ ಕರೀಂನಗರ ಭಾಗದ ಯುವಕರು ಹಣಕ್ಕಾಗಿ ಬೆಂಗಳೂರಿನವರೆಗೂ ಹೋಗಿ ಪ್ರಯೋಗಗಳಲ್ಲಿ ಸೇರುತ್ತಿದ್ದ ಸಂಗತಿ ಹೊರಬಂದು ಅಲ್ಲಿನ ಸರ್ಕಾರ ವಿಚಾರಣೆಗೆ ಆದೇಶಿಸಿತು. ಬಡತನವಿರುವಲ್ಲಿ ದಲ್ಲಾಳಿ ಹುಟ್ಟುತ್ತಾನೆ. ದಲ್ಲಾಳಿ ಇರುವಲ್ಲಿ ಒಪ್ಪಿಗೆ ಪತ್ರ ಓದಿ ಹೇಳುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ.

ಇಲ್ಲಿಯೂ ಪ್ರಶ್ನೆ ನಡುವಿನ ವೇಳೆಯದೇ. ಒಂದು ಕೇಂದ್ರದಲ್ಲಿ ಔಷಧ ತೆಗೆದುಕೊಂಡವನು ಅದು ಮೈಯಿಂದ ಪೂರ್ತಿ ಹೋಗುವವರೆಗೆ, ಸಾಮಾನ್ಯವಾಗಿ ಕೆಲವು ತಿಂಗಳು, ಇನ್ನೊಂದು ಪ್ರಯೋಗಕ್ಕೆ ಸೇರುವಂತಿಲ್ಲ. ಆದರೆ ಹಣದ ತುರ್ತು ಇದ್ದವನು ಬೇರೆ ಊರಿಗೆ ಹೋಗಿ, ಹಿಂದಿನದನ್ನು ಮುಚ್ಚಿಟ್ಟು ಮತ್ತೆ ಮಲಗುತ್ತಾನೆ. ಎರಡು ಔಷಧಗಳು ಅವನ ಮೈಯಲ್ಲಿ ಕೂಡಿ ಏನು ಮಾಡುತ್ತವೆ ಎಂಬುದು ಯಾವ ವೈದ್ಯನ ಕಾಗದದಲ್ಲೂ ಇರುವುದಿಲ್ಲ. ಅವನ ಜೀವಕ್ಕೂ ಅಪಾಯ, ಪ್ರಯೋಗದ ಫಲಿತಾಂಶವೂ ಸುಳ್ಳು. ಆ ಸುಳ್ಳನ್ನು ನಂಬಿ ಮುಂದೆ ಔಷಧ ನುಂಗುವ ಸಾವಿರಾರು ರೋಗಿಗಳಿಗೂ ಅಪಾಯ. ಫ್ರಾನ್ಸಿನಲ್ಲಿ ಆರೋಗ್ಯವಂತ ಸ್ವಯಂಸೇವಕರೆಲ್ಲರ ಹೆಸರನ್ನು ಒಂದೇ ರಾಷ್ಟ್ರೀಯ ಪಟ್ಟಿಯಲ್ಲಿ ಬರೆದಿಟ್ಟು ಇದನ್ನು ತಡೆಯುತ್ತಾರೆ.

ಭಾರತದ ಕಾನೂನು ಈ ದಾರಿಯಲ್ಲಿ ಬಹಳ ಪೆಟ್ಟು ತಿಂದು ಮುಂದೆ ಬಂದಿದೆ. ಇಂದೋರಿನ ‘ಸ್ವಾಸ್ಥ್ಯ ಅಧಿಕಾರ ಮಂಚ್’ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ 2005ರಿಂದ 2012ರ ಜೂನ್‌ವರೆಗೆ 475 ಹೊಸ ಔಷಧಗಳ ಪ್ರಯೋಗಗಳಲ್ಲಿ ಪಾಲ್ಗೊಂಡವರ ಪೈಕಿ 2,644 ಜನ ಸತ್ತಿದ್ದರು. ಇವರಲ್ಲಿ ಹೆಚ್ಚಿನವರು ಮೊದಲೇ ಕ್ಯಾನ್ಸರಿನಂಥ ರೋಗಗಳಿಂದ ಬಳಲುತ್ತಿದ್ದವರು ಎಂಬುದನ್ನು ಮರೆಯುವಂತಿಲ್ಲ. ಪ್ರಯೋಗದಿಂದಲೇ ಆದ ಸಾವು 80 ಎಂದು ಸರ್ಕಾರ ಹೇಳಿತು. ಎಂಬತ್ತು ಎಂಬುದು ಸಣ್ಣ ಸಂಖ್ಯೆಯಲ್ಲ. ಆ ಮೊಕದ್ದಮೆಯ ಬಿಸಿಯಲ್ಲೇ ನಿಯಮಗಳು ಬಿಗಿಯಾದವು. 2019ರ ಮಾರ್ಚ್‌ನಲ್ಲಿ ‘ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು’ ಜಾರಿಗೆ ಬಂದವು.

ಈ ನಿಯಮಗಳಲ್ಲಿ ಹಳ್ಳಿಯವರಿಗೆ ತಿಳಿದಿರಲೇಬೇಕಾದ ಕೆಲವು ಸಂಗತಿಗಳಿವೆ. ಒಪ್ಪಿಗೆ ಪತ್ರ ಪಾಲ್ಗೊಳ್ಳುವವನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಹೊಸ ರಾಸಾಯನಿಕದ ಪ್ರಯೋಗಕ್ಕೆ ದುರ್ಬಲ ಸ್ಥಿತಿಯ ಜನರನ್ನು ಸೇರಿಸುವಾಗ ವಿವರಿಸಿ ಹೇಳಿದ್ದನ್ನೂ ಅವರು ಒಪ್ಪಿದ್ದನ್ನೂ ಧ್ವನಿ-ದೃಶ್ಯದಲ್ಲಿ ಮುದ್ರಿಸಿಡಬೇಕು. ಗಂಭೀರ ತೊಂದರೆಯಾದರೆ ಪ್ರಯೋಗ ನಡೆಸುವ ವೈದ್ಯ 24 ಗಂಟೆಯೊಳಗೆ ಕೇಂದ್ರ ಸರ್ಕಾರದ ಔಷಧ ಪರವಾನಗಿ ಅಧಿಕಾರಿಗೂ ನೈತಿಕ ಸಮಿತಿಗೂ ತಿಳಿಸಬೇಕು. ಆ ಸಮಿತಿಯಲ್ಲಿ ಡಾಕ್ಟರರಷ್ಟೇ ಇದ್ದರೆ ಸಾಲದು. ಕಾನೂನು ಬಲ್ಲವರು, ಮಹಿಳೆ, ವೈದ್ಯವೃತ್ತಿಯ ಹೊರಗಿನ ಸಾಮಾನ್ಯ ನಾಗರಿಕರು ಇರಲೇಬೇಕು. ಪ್ರಯೋಗದಿಂದ ಗಾಯವಾದರೆ ಚಿಕಿತ್ಸೆ ಉಚಿತ. ಸಾವಿಗೆ ಪರಿಹಾರ ಲೆಕ್ಕಹಾಕಲು ವಯಸ್ಸು ಮತ್ತು ಆರೋಗ್ಯದ ಆಧಾರದ ಸೂತ್ರವಿದೆ: ಮೂಲ ಮೊತ್ತ 8 ಲಕ್ಷ, ಆರೋಗ್ಯವಂತ ಯುವಕನಾದರೆ ಅದು 70 ಲಕ್ಷ ದಾಟಬಹುದು. ದಲ್ಲಾಳಿಯ ಕೈಯಿಂದ ಕೆಲವು ಸಾವಿರ ಪಡೆದು ಬಾಯಿ ಮುಚ್ಚಿದ ಕುಟುಂಬಗಳಿಗೆ ಇದು ಗೊತ್ತಿರುವುದಿಲ್ಲ.

ಸರಿಯಾಗಿ ಕಾದರೆ ಆರಂಭದ ಪ್ರಯೋಗ ಹೇಗಿರುತ್ತದೆ ಎಂಬುದಕ್ಕೂ ಕರ್ನಾಟಕದಲ್ಲೇ ಉದಾಹರಣೆ ಇದೆ. 2020ರ ಜುಲೈನಲ್ಲಿ ಹೈದರಾಬಾದಿನ ಭಾರತ್ ಬಯೋಟೆಕ್ ತನ್ನ ಕೊವ್ಯಾಕ್ಸಿನ್ ಲಸಿಕೆಯನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟಾಗ ಆರಿಸಿಕೊಂಡ 11 ಆಸ್ಪತ್ರೆಗಳಲ್ಲಿ ಬೆಳಗಾವಿಯ ಜೀವನ್‌ರೇಖಾ ಆಸ್ಪತ್ರೆಯೂ ಒಂದು. ಒಟ್ಟು 375 ಸ್ವಯಂಸೇವಕರು, ಎಲ್ಲರೂ 18ರಿಂದ 55ರೊಳಗಿನವರು. ಊರೆಲ್ಲ ಬಾಗಿಲು ಹಾಕಿಕೊಂಡು, ಪಕ್ಕದ ಮನೆಯವರ ಮುಖ ನೋಡಲೂ ಅಂಜುತ್ತಿದ್ದ ಆ ದಿನಗಳಲ್ಲಿ ಅವರು ತಾವಾಗಿ ಬಂದು ತೋಳು ಕೊಟ್ಟರು. ದೇಶ ಅವಸರದಲ್ಲಿತ್ತು, ಲಸಿಕೆ ಎಂದು ಬರುತ್ತದೆ ಎಂದು ದಿನಾಂಕ ಕೇಳುವವರೂ ಇದ್ದರು. ಆದರೂ ಮೊದಲ ಐವತ್ತು ಜನರಿಗೆ ಕಡಿಮೆ ಪ್ರಮಾಣ ಕೊಟ್ಟು, ಒಂದು ವಾರ ನೋಡಿ, ಸ್ವತಂತ್ರ ಸುರಕ್ಷತಾ ಮಂಡಳಿಯ ಒಪ್ಪಿಗೆ ಪಡೆದು ಮುಂದೆ ಹೋದರು. ಒಬ್ಬರು ಶ್ವಾಸಕೋಶದ ಸೋಂಕಿನಿಂದ ಆಸ್ಪತ್ರೆ ಸೇರಿದರು. ಅದಕ್ಕೆ ಲಸಿಕೆ ಕಾರಣವಲ್ಲ, ಕೊರೋನಾ ಸೋಂಕೇ ಕಾರಣ ಎಂದು ತೀರ್ಮಾನವಾಯಿತು. 2021ರ ಜನವರಿಯಲ್ಲಿ ಫಲಿತಾಂಶ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಬಂತು.

ಹುಡಗಿಯ ಒಬ್ಬ ಹುಡುಗ ನಾಳೆ ಹೈದರಾಬಾದಿನ ಯಾವುದೋ ಕೇಂದ್ರದ ಬೆಂಚಿನ ಮೇಲೆ ಕೂತರೆ ಅವನು ಕೇಳಬೇಕಾದ ಮೊದಲ ಪ್ರಶ್ನೆ ರೊಕ್ಕದ್ದಲ್ಲ. “ಸಾಹೇಬ್ರ, ಈ ಗುಳಿಗಿ ನನ್ಕಿಂತ ಮೊದ್ಲ ಯಾರರೆ ತಗೊಂಡಾರೇನ್ರಿ? ತಗೊಂಡವ್ರಿಗಿ ಏನಾಗ್ಯಾದ್ರಿ?” ಈ ಎರಡು ಮಾತು ಕೇಳುವ ಹಕ್ಕು ಅವನಿಗಿದೆ. ಉತ್ತರ ಕೊಡಲು ಎದುರಿನವರು ತಡವರಿಸಿದರೆ ಎದ್ದು ಬರುವ ಹಕ್ಕೂ ಇದೆ, ಕಾರಣ ಹೇಳಬೇಕಿಲ್ಲ. ಪ್ರಯೋಗದ ನಡುವೆಯೂ ಎದ್ದು ಬರಬಹುದು. ಸಹಿ ಹಾಕಿದ ಪತ್ರದ ಒಂದು ಪ್ರತಿ ಅವನ ಕೈಯಲ್ಲಿರಬೇಕು, ಅದರಲ್ಲಿ ವೈದ್ಯರ ಫೋನ್ ನಂಬರು ಇರಬೇಕು, ಮನೆಯಲ್ಲಿ ಅವ್ವನಿಗೋ ಅಣ್ಣನಿಗೋ ಅದು ಗೊತ್ತಿರಬೇಕು. ದೇಶದಲ್ಲಿ ನಡೆಯುವ ಕ್ಲಿನಿಕಲ್ ಪ್ರಯೋಗಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸುವ ನೋಂದಣಿಯಲ್ಲಿ ಬರೆಸುವುದು 2009ರಿಂದ ಕಡ್ಡಾಯ. ಕಾಲೇಜು ಓದುವ ತಂಗಿಯೊಬ್ಬಳು ಮೊಬೈಲಿನಲ್ಲಿ ಅದನ್ನು ತೆರೆದು ನೋಡಬಲ್ಲಳು.

ಹೆದರಿಕೊಂಡು ಯಾರೂ ಮುಂದೆ ಬಾರದಿದ್ದರೂ ನಷ್ಟವೇ, ಅದು ಮಲೆನಾಡಿನವರಿಗೆ ಚೆನ್ನಾಗಿ ಗೊತ್ತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿದ ಮಂಗನ ಕಾಯಿಲೆಗೆ ಮೊದಲು ಪ್ರಯೋಗಿಸಿದ್ದು ರಷ್ಯಾದ ಕಾಡುಗಳ ಒಂದು ಮಿದುಳು ಜ್ವರಕ್ಕೆಂದು ತಯಾರಾಗಿದ್ದ ಲಸಿಕೆ, ಅದು ಕಾಪಾಡಲಿಲ್ಲ. ಆಮೇಲೆ ಇಲ್ಲಿಯದೇ ವೈರಸ್ಸಿನಿಂದ ಮಾಡಿದ ಲಸಿಕೆಯನ್ನು ದಶಕಗಳ ಕಾಲ ಹಾಕಿದರು. ಅದರ ಬಲ ಸಾಲದೆಂದು 2022ರಲ್ಲಿ ಅದನ್ನೂ ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿವೆ. ಅಡಿಕೆ ತೋಟದ ಅಂಚಿನಲ್ಲಿ ತರಗೆಲೆ ಗುಡಿಸುವ ಹೆಂಗಸಿಗೆ ಆ ಲಸಿಕೆ ಸಿಗಬೇಕಾದರೆ ಆರೋಗ್ಯವಂತರಾದ ಕೆಲವರು ಅದನ್ನು ಮೊದಲು ಹಾಕಿಸಿಕೊಳ್ಳಲೇಬೇಕು. ಅವರಲ್ಲಿ ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಕೊಡುವ ಮುನ್ನ ಎಷ್ಟು ಹೊತ್ತು ಕಾಯುತ್ತೀರಿ, ಆ ಹೊತ್ತಿನಲ್ಲಿ ಯಾರು ನೋಡಿಕೊಳ್ಳುತ್ತಾರೆ, ಮೊದಲನೆಯವರಿಗೆ ಏನಾಯಿತೆಂದು ಎರಡನೆಯವರಿಗೆ ಹೇಳುತ್ತೀರಾ ಎಂದು ಕೇಳುವ ಕೆಲಸ ಅಲ್ಲಿನ ಪಂಚಾಯಿತಿಗಳದ್ದೂ ಪತ್ರಿಕೆಗಳದ್ದೂ ಹೌದು.